ಗೆರೆಯ ತನಕ ಜೋಳ

ಆ ದಿನ ನನಗೆ ಮಾತಾಡುವ ತ್ರಾಣ ಇರಲಿಲ್ಲ. ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ. ಕೊಟ್ಟೂರಿಗೂ ಹಡಗಲಿಗೂ ಇಡೀ ದಿನ ಬಸ್ ಓಡಿಸಿ, ಸೊಂಟ ಹಿಡಿದುಕೊಂಡು ನಮ್ಮೂರ ಕೆರೆ ಏರಿಯ ಹತ್ತಿರ ಇಳಿದಿದ್ದೆ. ನಮ್ಮ ಓಣಿಯ ಹತ್ತಾರು ಮಂದಿ ಅಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಹೊಸ ಡಾಂಬರಿನ ನಟ್ಟನಡುವೆ ಬಿಳಿ ಗೆರೆ ಎಳೆದು ಹೋಗಿದ್ದರು. ನೇರ ದಾರಿಯಲ್ಲಿ ಅದು ತುಂಡು ತುಂಡು. ಏರಿಯ ತಿರುವಿನಲ್ಲಿ ಮಾತ್ರ ಎಲ್ಲೂ ಕಡಿಯದ ಒಂದೇ ಗೆರೆ.

"ನೀವು ಡ್ರೈವರ್ ಅದೀರಿ, ನಿಮಗ ಗೊತ್ತಿರತೈತಿ. ಇದನ್ನ ಯಾಕ ಹಾಕ್ಯಾರ್ರಿ?" ಎಂದು ಕುರಿ ಸಾಕುವ ಎದುರುಮನೆಯ ಅಜ್ಜ ಕೇಳಿದ.

ಸರಿಯಾಗಿ ಹೇಳಬೇಕಿತ್ತು. ತುಂಡು ಗೆರೆ ಇದ್ದಲ್ಲಿ, ಎದುರಿಗೆ ಗಾಡಿ ಇಲ್ಲದಿದ್ದರೆ, ದಾಟಿ ಮುಂದಿನ ಗಾಡಿಯನ್ನು ಹಿಂದೆ ಹಾಕಬಹುದು. ಕಡಿಯದ ಗೆರೆ ಇದ್ದಲ್ಲಿ ಎದುರು ಬರುವವರು ಕಾಣುವುದಿಲ್ಲ, ಅದಕ್ಕೇ ಗಾಡಿಗಳು ದಾಟಬಾರದು. ದಾರಿಗೆ ಏನಾದರೂ ಅಡ್ಡ ಬಿದ್ದಿದ್ದರೆ ಮಾತ್ರ, ನೋಡಿಕೊಂಡು, ನಿಧಾನಕ್ಕೆ. ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ನಾನು "ಈ ಗೆರಿ ದಾಟಬಾರದು, ಅಷ್ಟ" ಎಂದು ಹೇಳಿ ಮನೆಗೆ ನಡೆದೆ.

ನಮ್ಮ ಕಡೆ ಹೊಲದಲ್ಲಿ ಕಣ ಮಾಡುವುದು ಯಾವತ್ತೋ ಹೋಯಿತು. ಮೆಕ್ಕೆಜೋಳ ಒಣಗುವುದು ಡಾಂಬರಿನ ಮೇಲೆಯೇ. ಯಾರ ಜೋಳ ರಸ್ತೆಯ ಎಷ್ಟು ಅಗಲಕ್ಕೆ ಬರಬೇಕೆಂದು ವರ್ಷವೂ ಜಗಳ. ಆ ಸುಗ್ಗಿಯಲ್ಲಿ ಜಗಳವೇ ಇಲ್ಲ. ಎಲ್ಲರ ಜೋಳವೂ ರಸ್ತೆಯಂಚಿನಿಂದ ಬಿಳಿ ಗೆರೆಯ ತನಕ, ಅಳೆದು ಸುರಿದ ಹಾಗೆ. ಗಾಡಿಗಳು ತುಳಿಯಬಾರದೆಂದು ಗೆರೆಗುಂಟ ಕಲ್ಲಿನ ಸಾಲು. ನಾಲ್ಕು ಕಾಳು ಆಚೆ ಉರುಳಿದರೂ ಹೆಂಗಸರು ಕಸಬರಿಗೆಯಿಂದ ಈಚೆ ಗುಡಿಸಿಕೊಳ್ಳುತ್ತಿದ್ದರು. "ಡ್ರೈವರ್ ಹೇಳ್ಯಾರ, ಗೆರಿ ದಾಟಬಾರದಂತ."

ಮೊದಲು ಕಂಡಾಗ ನಗು ಬಂತು. ಆಮೇಲಾದರೂ ತಿದ್ದಬೇಕಿತ್ತು. ತಿದ್ದಲಿಲ್ಲ, ಏಕೆಂದರೆ ನನ್ನ ಎರಡು ಎಕರೆಯ ಜೋಳವೂ ಅಲ್ಲೇ ಒಣಗಬೇಕಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ. ನಾನು ಶಾಸ್ತ್ರವನ್ನೂ ಪೂರ್ತಿ ಹೇಳಿರಲಿಲ್ಲ. ಡ್ಯೂಟಿಯ ದಿನ ಆ ತಿರುವಿಗೆ ಬಂದು, ಹಾರ್ನ್ ಒತ್ತಿ, ಗೆರೆ ದಾಟುತ್ತ, ಜೋಳ ಹರಡಿದವರನ್ನು ಬಾಯ್ತುಂಬ ಬೈಯುತ್ತಿದ್ದೆ. ವಾರದ ರಜೆಯಲ್ಲಿ ಅದೇ ತಿರುವಿಗೆ ಲುಂಗಿ ಎತ್ತಿ ಕಟ್ಟಿಕೊಂಡು ಬಂದು ನನ್ನ ಕಲ್ಲುಗಳನ್ನು ಇಡುತ್ತಿದ್ದೆ.

ಅಂಥ ಒಂದು ರಜೆಯ ಮಧ್ಯಾಹ್ನ ಕಾಲಿನಿಂದ ಜೋಳ ಕೆದಕುತ್ತಿದ್ದಾಗ ನಮ್ಮ ಡಿಪೊದ ಬಸ್ ಬಂತು. ಓಡಿಸುತ್ತಿದ್ದವನು ಎಂಟು ವರ್ಷದ ಹಿಂದೆ ನನ್ನ ಪಕ್ಕ ಕೂತು ಈ ದಾರಿ ಕಲಿತವನು. ನನ್ನನ್ನು ಕಂಡು ಕೈ ಎತ್ತಿದ. ವೇಗ ಇಳಿಸಿದ, ಹಾರ್ನ್ ಮಾಡಿದ, ನನ್ನ ಕಲ್ಲುಗಳನ್ನು ಬಳಸಿ ಗೆರೆ ದಾಟಿದ. ಅಷ್ಟರಲ್ಲಿ ಜಾಲಿ ಗಿಡಗಳ ಮರೆಯಿಂದ ಎದುರಿಗೆ ಬೈಕೊಂದು ಬಂತು. ಬಸ್ಸಿಗೆ ತಗಲಲಿಲ್ಲ, ತಪ್ಪಿಸಲು ಹೋಗಿ ಏರಿಯ ಕೆಳಗೆ ಬಿದ್ದಿತು. ಬೈಕಿನವನು ಪಕ್ಕದ ಊರಿನಿಂದ ಹಾಲು ತಂದು ಮನೆಮನೆಗೆ ಹಾಕುವವನು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ನಾನೇ ಅವನನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ಕೊಟ್ಟೂರಿನ ಆಸ್ಪತ್ರೆಗೆ ಒಯ್ದೆ. ದಾರಿಯುದ್ದಕ್ಕೂ ಅವನು ತನ್ನ ಹಾಲಿನ ಕ್ಯಾನು ಎಲ್ಲಿ ಹೋಯಿತೆಂದು ಕೇಳುತ್ತಿದ್ದ.

ವಾಪಸ್ ಬಂದಾಗ ರಸ್ತೆ ಸಾರಿಸಿದ ಅಂಗಳದಂತಿತ್ತು. ಒಂದು ಕಾಳಿಲ್ಲ, ಒಂದು ಕಲ್ಲಿಲ್ಲ.

"ಪೊಲೀಸರು ಬರೋದ್ರಾಗ ಎಲ್ಲಾ ಚೀಲಕ್ಕ ತುಂಬಿದ್ವಿ. ನಿಮಗ ರಿಟೈರ್ ಆಗಾಕ ಎರಡು ವರ್ಷ ಐತಿ. ಸುಮ್ಮನಿರ್ರಿ" ಎಂದಳು ಹೆಂಡತಿ.

ಪೊಲೀಸರಿಗೆ ಕಂಡದ್ದು ಖಾಲಿ ರಸ್ತೆ, ಕಡಿಯದ ಗೆರೆ, ಅದರ ಆಚೆ ನಿಂತ ಬಸ್ಸು. ಜೋಳ ಅಡ್ಡ ಇತ್ತೆಂದು ಡ್ರೈವರ್ ಹೇಳಿದ. ಊರವರು ಒಬ್ಬರೂ ಹೌದೆನ್ನಲಿಲ್ಲ. ಅವನನ್ನು ಅಮಾನತು ಮಾಡಿದರು. ಜೋಳ ಇತ್ತು ಎಂದನೇ ಹೊರತು ಯಾರದು ಎಂದು ಅವನು ಬಾಯಿ ಬಿಡಲಿಲ್ಲ, ಅದು ನನ್ನನ್ನು ಒಳಗೊಳಗೇ ತಿಂದಿತು. ಒಂಬತ್ತು ದಿನ ಸುಮ್ಮನೆ ಬಸ್ ಓಡಿಸಿದೆ. ನನ್ನಷ್ಟು ಹೇಡಿ ಆ ಡಿಪೊದಲ್ಲಿ ಇನ್ನೊಬ್ಬ ಇರಲಿಲ್ಲ. ಒಂಬತ್ತನೆಯ ದಿನ ಅವನಿಗೆ ಫೋನ್ ಮಾಡಿದೆ.

"ಇರ್ಲಿ ಬಿಡ್ರಿ ಅಣ್ಣ. ನಿಮಗ ಎರಡ ವರ್ಷ ಉಳದೈತಿ. ನಂದೇನು, ಇನ್ನೂ ಭಾಳ ಸರ್ವೀಸ್ ಐತಿ" ಎಂದ.

ಮರುದಿನ ಬೆಳಿಗ್ಗೆ ಡಿಪೊದ ಸಾಹೇಬರ ಮುಂದೆ ನಿಂತೆ.

"ಆ ಜ್ವಾಳ ನಂದ್ರಿ ಸಾಹೇಬ್ರ. ಕಲ್ಲು ಇಟ್ಟಾವ್ನೂ ನಾನ."

"ಮೂವತ್ತು ವರ್ಷ ಬಸ್ ಓಡಿಸಿದೋರು ನೀವು. ಆ ಗೆರೆ ಏನು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ರಿ. ಊರಾಗ ಅರ್ಧ ಹೇಳಿದಾವ್ನೂ ನಾನ."

ಅವನು ಕೆಲಸಕ್ಕೆ ಮರಳಿದ. ನನ್ನ ನೌಕರಿ ಉಳಿಯಿತು, ಆದರೆ ಪೊಲೀಸ್ ಕೇಸಾಯಿತು, ಠಾಣೆಗೆ ತಿರುಗಿ ತಿರುಗಿ ಚಪ್ಪಲಿ ಸವೆಯಿತು. ಓಣಿಯವರು ತಿಂಗಳುಗಟ್ಟಲೆ ಮಾತು ಬಿಟ್ಟರು. ಮತ್ತೆ ಮಾತಾಡತೊಡಗಿದಾಗ ಕಟ್ಟೆಯ ಮೇಲೆ ಕೂತು ಎರಡು ಗೆರೆಗಳ ನಿಯಮವನ್ನೂ ಪೂರ್ತಿ ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಈ ಸುಗ್ಗಿಯಲ್ಲಿ ತಿರುವಿನಲ್ಲಿ ಒಂದು ಕಾಳೂ ಇಲ್ಲ. ಎಲ್ಲ ಜೋಳವೂ ನೇರ ದಾರಿಗೆ ಹೋಗಿದೆ, ಅದೂ ತುಂಡು ಗೆರೆ ದಾಟಿ ಆಚೆ ತನಕ. ಕೇಳಿದರೆ, "ಅಲ್ಲಿ ದಾಟಬೌದಂತ ನೀವ ಹೇಳಿದ್ರಲ್ರಿ" ಎಂದರು. ನನಗೆ ಇನ್ನು ಹೇಳಲು ಶಕ್ತಿಯಿಲ್ಲ. ಆದರೂ ನಾಳೆ ಹೇಳಬೇಕು.

ಹಾಲಿನವನ ಕಾಲು ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಬೈಕ್ ಮಾರಿದ್ದಾನೆ. ದಿನವೂ ಕ್ಯಾನು ಹಿಡಿದು ನನ್ನ ಬಸ್ಸಿಗೇ ಬರುತ್ತಾನೆ. ಅವನು ಒಂದೊಂದೇ ಮೆಟ್ಟಿಲು ಹತ್ತುವ ತನಕ ಕಾಯುತ್ತೇನೆ. ಜೋಳ ಯಾರದೆಂದು ಅವನಿಗೆ ಗೊತ್ತು. ಆಸ್ಪತ್ರೆಗೆ ಹೋಗಿ ನಾನೇ ಹೇಳಿದ್ದೇನೆ. ಒಂದು ದಿನವೂ ಆ ಮಾತು ಎತ್ತಿದವನಲ್ಲ.

ಮೊನ್ನೆ ನನ್ನ ಹಿಂದಿನ ಸೀಟಿನಲ್ಲಿ ಕೂತು, ಕ್ಯಾನನ್ನು ಕಾಲುಗಳ ನಡುವೆ ಇಟ್ಟುಕೊಂಡು, ಒಬ್ಬ ರೈತ ಇನ್ನೊಬ್ಬನನ್ನು ಕೇಳುವ ಹಾಗೆ ಕೇಳಿದ: "ಈ ಸಲ ನಿಮ್ಮ ಜ್ವಾಳ ಚೆಂದಗ ಒಣಗ್ಯಾವೇನ್ರಿ?"

ತಿರುವು ಬಂತು. ನಾನು ಹಾರ್ನ್ ಒತ್ತಿದೆ.