ಗಾಲಿ ಹಿಂಡಿದ ನಿಂಬೆಹಣ್ಣು

ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಓದಿದವಳು ನಾನೇ ಮೊದಲು. ಹೊಲದ ಕೂಲಿ ಮಾಡಿ ಅವ್ವ ಓದಿಸಿದಳು. ಈ ಮಾತನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಅಷ್ಟು ಓದಿ, ಶಹಾಪುರದಲ್ಲಿ ವಿಜ್ಞಾನದ ಟೀಚರಾಗಿ, ಬಾಡಿಗೆ ಮನೆಯ ಮಾಳಿಗೆಯ ಮೇಲೆ ನಾನು ಮಾಡಿದ ಮೊದಲ ಸ್ವಂತ ಪ್ರಯೋಗವೆಂದರೆ ತೂತು ಹೊಡೆದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಅಡುಗೆಮನೆಯ ಕಸ ಕೊಳೆಸಿದ್ದು.

"ತಿಪ್ಪಿ ಹೊರೂದು ತಪ್ಪಲಿ ಅಂತ ನಿನ್ನ ಸಾಲಿಗೆ ಹಾಕಿದೆ. ನೀ ತಿಪ್ಪೀನ ಮಾಳಿಗಿ ಏರಿಸೀದಿ," ಎಂದಳು, ಕಕ್ಕೇರಾದಿಂದ ನನ್ನ ಜೊತೆ ಇರಲು ಬಂದಿದ್ದ ಅವ್ವ.

ಬದನೆ ತೊಟ್ಟು, ಉಳ್ಳಾಗಡ್ಡಿ ಸಿಪ್ಪೆ, ಸೋಸಿದ ಚಹಾಪುಡಿ ಹೇಗೋ ಕರಗುತ್ತಿದ್ದವು. ಮೊಸಂಬಿ, ನಿಂಬೆ ಸಿಪ್ಪೆಗಳದೇ ಹಟ. ಸಣ್ಣಗೆ ಹೆಚ್ಚಿ, ಒಣ ಎಲೆ ಬೆರೆಸಿ, ಸ್ವಲ್ಪ ಸ್ವಲ್ಪವೇ ಹಾಕಬೇಕು. ಹೆಚ್ಚುವುದೆಂದರೆ ನನಗೆ ಬೇಸರ. ಒಂದು ಅಮಾವಾಸ್ಯೆಗೆ ಮನೆಯ ಮಾಲಕಿ ಮಗನ ಹೊಸ ಕಾರಿಗೆ ಪೂಜೆ ಮಾಡಿ, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿದರು. ಕಾರು ಹೋಯಿತು, ಹಣ್ಣು ಚಟ್ನಿಯಾಗಿ ಬಿದ್ದಿದ್ದವು. ಹೆಚ್ಚುವ ಕೆಲಸವೇ ಇಲ್ಲ, ಗಾಲಿ ಮಾಡಿಕೊಟ್ಟಿತ್ತು. ಎತ್ತಿಕೊಂಡು ಹೋಗಿ ಡ್ರಮ್ಮಿಗೆ ಹಾಕಿದೆ.

ಎರಡು ತಿಂಗಳಾದ ಮೇಲೆ ಅವ್ವ ಮಾಲಕಿಯ ಜೊತೆ ಕೂತು ಹರಟುವಾಗ ಹೆಮ್ಮೆಯಿಂದ ಹೇಳಿಬಿಟ್ಟಳು: "ನಮ್ಮಾಕಿ ಏನೂ ಕೆಡಸಂಗಿಲ್ರಿ. ನಿಮ್ಮ ಗಾಡಿ ನಿಂಬಿಹಣ್ಣೂ ಎತ್ತಿ ಡ್ರಮ್ಮಿಗೆ ಹಾಕ್ಯಾಳ."

ಮಾಲಕಿ ಒಂದೇ ಉಸಿರಿಗೆ ಮಾಳಿಗೆ ಹತ್ತಿ ಬಂದರು.

"ಏನ್ರೀ ಟೀಚರ್, ಗಾಡಿಗೆ ತಗದ ದೃಷ್ಟಿ ತಂದು ನಮ್ಮ ತಲಿ ಮ್ಯಾಲೇ ಇಟ್ಟೀರಲ್ರಿ! ಇದರ ಬುಡಕ ನಾ ಮಲಗೋ ಕೋಲಿ ಅದ. ನಾಲ್ಕೂ ಹಣ್ಣ ಹೊರಗ ತಗೀರಿ. ಇಲ್ಲಾಂದ್ರ ಮನಿ ಖಾಲಿ ಮಾಡ್ರಿ."

ನಾವು ಯಾವ ಮಂದಿ ಎಂದು ಕೇಳಿ, ಉತ್ತರ ಸಿಕ್ಕ ಮೇಲೆ "ಮನಿ ಆಗ್ಲೇ ಕೊಟ್ಟೀವಿ" ಎಂದ ಎಷ್ಟೋ ಬಾಗಿಲುಗಳನ್ನು ದಾಟಿ ಸಿಕ್ಕ ಮನೆ ಅದು. ಏನೂ ಕೇಳದೆ ಕೀಲಿ ಕೊಟ್ಟವರು ಈಕೆಯೊಬ್ಬರೇ. ಇದನ್ನು ಬಿಟ್ಟರೆ ಮತ್ತೆ ಅದೇ ಬಾಗಿಲುಗಳು.

ಡ್ರಮ್ಮು ಬಗ್ಗಿಸಿ ಗೊಬ್ಬರ ಸುರಿದೆ. ಮಾಲಕಿ ದೂರ ನಿಂತು ಕೋಲಿನಿಂದ ಕೆದಕಿದರು. ಕಪ್ಪು ಮಣ್ಣು, ನಾಲ್ಕಾರು ನಿಂಬೆ ಬೀಜ, ಅಷ್ಟೇ.

"ಎಲ್ಲಿ ಹಣ್ಣ?"

"ಕರಗ್ಯಾವ್ರಿ ಆಂಟಿ."

"ದೃಷ್ಟಿ?"

ಕೊಳೆಯುವುದರ ಪಾಠವನ್ನು ವರ್ಷಾ ವರ್ಷಾ ಮಾಡುತ್ತೇನೆ. ಅದರಲ್ಲಿ ಈ ಪ್ರಶ್ನೆ ಇಲ್ಲ. ಆದರೂ ಹೇಳಿದೆ: "ಹಣ್ಣೇ ಇಲ್ಲಂದ್ರ ಅದು ಎಲ್ಲಿ ಕುಂದರತದ್ರಿ? ಅದೂ ಕರಗಿರತದ."

"ಬಿ.ಎಸ್ಸಿ. ಓದ್ಯಾಳ್ರಿ, ಆಕಿಗೆ ಗೊತ್ತಿರತದ," ಎಂದಳು ಅವ್ವ, ನನಗೆ ದೃಷ್ಟಿ ತೆಗೆಯುವುದರಲ್ಲೇ ಡಿಗ್ರಿ ಕೊಟ್ಟಿದ್ದಾರೆ ಎಂಬಂತೆ.

ಮಾಲಕಿ ಗೊಬ್ಬರವನ್ನು ಇನ್ನೊಮ್ಮೆ ಕೆದಕಿ ನೋಡಿದರು. ಆಮೇಲೆ ಕೋಲನ್ನು ಮಾಳಿಗೆಯ ಆಚೆ ಮೂಲೆಗೆ ಚಾಚಿದರು. ಅಲ್ಲಿ ಪಕ್ಕದ ಮನೆಯ ಗೋಡೆ ತಾಗುತ್ತದೆ. ಗಟಾರದ ನೀರಿನ ಸಲುವಾಗಿ ಜಗಳವಾಗಿ ಆ ಮನೆಯಾಕೆಗೂ ಇವರಿಗೂ ಮಾತಿಲ್ಲ.

"ಪೂರಾ ಕರಗಿರಲಿಕ್ಕಿಲ್ಲ. ಆ ಮೂಲಿಗೆ ಸರಸ್ರಿ. ಇನ್ನೂ ಅಂಚಿಗೆ. ಹಾಂ, ಅಲ್ಲೇ ಇರಲಿ."

ಅವ್ವನೂ ನಾನೂ ಗೊಬ್ಬರ ತಿರುಗಿ ತುಂಬಿ, ಡ್ರಮ್ಮು ಎಳೆದು ಗೋಡೆಗೆ ಒತ್ತಿ ನಿಲ್ಲಿಸಿದೆವು.

"ಹಂಗಾದ್ರ ಮನಿ ಖಾಲಿ ಮಾಡೋದು, ಆಂಟಿ?" ಎಂದೆ.

"ನೀವು ಹೋದ್ರ ಇದನ್ನ ಇಲ್ಲಿ ಇಡಾವ್ರು ಯಾರ್ರಿ?" ಎನ್ನುತ್ತ ಮೆಟ್ಟಿಲಿಳಿದರು.