ಟ್ರೇಲರ್ ಬೀರಾನನ ಇರುವೆಗಳು

ಕುವೈತಿನಿಂದ ಸೌದಿಗೆ ದಾಟುವ ನುವೈಸೀಬ್ ಗಡಿಯಲ್ಲಿ ಲಾರಿಗಳ ಸಾಲು ಕಣ್ಣು ಹಾಯುವಷ್ಟು ದೂರ ನಿಲ್ಲುತ್ತಿತ್ತು. ಆ ಸಾಲಿನಲ್ಲಿ ಬೀರಾನ್ ಇದ್ದಾನೆ ಎಂದರೆ ಉಳಿದ ಡ್ರೈವರುಗಳು ಜಾಗ್ರತೆಯಿಂದ ಇರುತ್ತಿದ್ದರು. ಒಮ್ಮೆ ಸಾಲು ತಪ್ಪಿಸಿ ಮುಂದೆ ನುಗ್ಗಿದವನೊಬ್ಬನನ್ನು ಅವನು ಕಾಲರ್ ಹಿಡಿದು ಕ್ಯಾಬಿನ್ನಿನಿಂದ ಕೆಳಗೆಳೆದು, ಮೂಗಿನಲ್ಲಿ ರಕ್ತ ಸುರಿಯುವವರೆಗೆ ಹೊಡೆದಿದ್ದ. ಅವನದೇ ಮುಂದಿನ ಹಲ್ಲೊಂದು ಇನ್ನೊಂದು ಜಗಳದಲ್ಲಿ ಉದುರಿತ್ತು. ಉಪ್ಪಿನಂಗಡಿಯಲ್ಲಿದ್ದ ಹೆಂಡತಿ ಸೈನಬಾ ಫೋನಿನಲ್ಲಿ ಊಟ ಆಯಿತೇ ಎನ್ನುವುದಕ್ಕೂ ಮೊದಲು, "ಇವತ್ತು ಯಾರಿಗೂ ಹೊಡೆದಿಲ್ಲ ಅಲ್ವಾ?" ಎಂದು ಕೇಳುತ್ತಿದ್ದಳು.

೨೦೦೬ರ ನವೆಂಬರಿನಲ್ಲಿ ಮರುಭೂಮಿಗೆ ಒಂದು ಒಳ್ಳೆಯ ಮಳೆ ಬಿತ್ತು. ಸಾಲಿನಲ್ಲಿ ನಿಂತಿದ್ದ ಬೀರಾನನ ಗಾಜಿನ ಮೇಲೆ ರೆಕ್ಕೆಯ ಇರುವೆಗಳು ಉದುರತೊಡಗಿದವು. ಒಂದು ದಪ್ಪ ಇರುವೆ ಒಳಗೆ ಬಂದು, ಅವನ ಕಣ್ಣೆದುರೇ ರೆಕ್ಕೆಗಳನ್ನು ಕಾಲಿನಿಂದ ಒದ್ದು ಕಳಚಿ ಹಾಕಿತು. ಬೀರಾನ್ ಅದನ್ನು ಮಾತ್ರೆಯ ಡಬ್ಬಿಗೆ ಹಾಕಿ, ಒದ್ದೆ ಹತ್ತಿ ಇಟ್ಟ. ಅದು ರಾಣಿ. ಮೊಟ್ಟೆಯಿಟ್ಟಿತು, ಮರಿಗಳಾದವು. ಡಬ್ಬಿ ಸಾಲದಾದಾಗ ಅವನ್ನು ಒಂದು ಗಾಜಿನ ಜಾಡಿಗೆ ಹಾಕಿದ. ಲಾರಿಯ ಗೋಧಿ ಮೂಟೆಗಳಿಂದ ಸೋರಿದ ಕಾಳುಗಳನ್ನು ಹೊತ್ತು ಸಾಲುಗಟ್ಟಿ ಓಡಾಡುವ ಇರುವೆಗಳ ಆ ಜಾಡಿ ಅವನ ಜೊತೆ ಸೌದಿಯ ದಮ್ಮಾಮಿಗೆ ಹೋಗಿ ಬರತೊಡಗಿತು. ಗಂಟೆಗಟ್ಟಲೆ ಕಾಯುವಾಗ ಅದನ್ನೇ ನೋಡುತ್ತ ಕೂರುತ್ತಿದ್ದ.

ಒಂದು ದಿನ ವಾಪಸು ಬರುವಾಗ ಕುವೈತಿನ ಅಧಿಕಾರಿಯೊಬ್ಬ ಕ್ಯಾಬಿನ್ ತಪಾಸಣೆ ಮಾಡುತ್ತ ಜಾಡಿ ಎತ್ತಿದ. "ಶಿನು ಹಾದಾ?" ಇದೇನು ಎಂದು ಕೇಳಿದ. ಬೀರಾನ್ ನಕ್ಕ. ಅಧಿಕಾರಿ ನಗಲಿಲ್ಲ. ಜೀವ ಇರುವ ಯಾವುದನ್ನೇ ಆಗಲಿ, ಎರಡೂ ದೇಶಗಳ ಅನುಮತಿಯಿಲ್ಲದೆ ಗಡಿ ದಾಟಿಸುವಂತಿಲ್ಲ, ಇರುವೆಯಾದರೂ ಅಷ್ಟೇ, ಒಂದು ರಾಣಿ ತಪ್ಪಿಸಿಕೊಂಡು ಬೇರೆ ನೆಲದಲ್ಲಿ ಬೇರೂರಿದರೆ ಬೆಳೆಗೂ ಗೋದಾಮಿಗೂ ಕಂಟಕ ಎಂದು ಶಾಂತವಾಗಿ ವಿವರಿಸಿದ. ಇದು ಇಲ್ಲಿಯದೇ ಇರುವೆ ಎಂದು ಬೀರಾನ್ ಆಣೆ ಹಾಕಿದ್ದರಿಂದ ಆ ಸಲ ಬಿಟ್ಟ. ಇನ್ನೊಮ್ಮೆ ಕಂಡರೆ ಲಾರಿಯನ್ನೇ ಹಿಡಿದಿಡುತ್ತೇನೆ ಎಂದ.

ಬೀರಾನ್ ಜಾಡಿಯನ್ನು ನೇರವಾಗಿ ಕುವೈತಿನ ಶುವೈಖ್ ಪ್ರದೇಶದ ಗ್ಯಾರೇಜೊಂದಕ್ಕೆ ತಂದ. ಅಲ್ಲಿ ಗಜೇಂದ್ರಗಡದ ಭರಮಣ್ಣ ವೆಲ್ಡರ್. ಇಬ್ಬರೂ ಅಬ್ಬಾಸಿಯಾದ ಒಂದೇ ಕೋಣೆಯಲ್ಲಿದ್ದರು.

"ಅಲ್ರಿ ಬೀರಾನ್ ಭಾಯಿ, ಇರುವಿಗೂ ವೀಸಾ ಕೇಳ್ತಾರೇನ್ರಿ?" ಎಂದು ಭರಮಣ್ಣ ಹೊಟ್ಟೆ ಹಿಡಿದು ನಕ್ಕ.

"ಕೇಳ್ತಾರೆ ಮಾರಾಯ್ರೆ. ಕಾನೂನು ಉಂಟಂತೆ. ಇನ್ನು ಇದು ಇಲ್ಲೇ ಇರ್ಲಿ, ನೀವು ಸ್ವಲ್ಪ ನೋಡಿಕೊಳ್ಳಿ."

ಭರಮಣ್ಣ ಕಿಟಕಿಯ ಹಳೆಯ ಗಾಜುಗಳನ್ನು ಕತ್ತರಿಸಿ, ಎರಡು ಗಾಜಿನ ನಡುವೆ ಮಣ್ಣು ತುಂಬಿ ಗೂಡು ಮಾಡಿಕೊಟ್ಟ. ಒಂದೂವರೆ ವರ್ಷದಲ್ಲಿ ಅದರ ತುಂಬ ಸುರಂಗಗಳಾದವು.

ಪಾಯಸ್ ಎಂಬವನು ಅದನ್ನು ನೋಡಿದ್ದು ತನ್ನ ವ್ಯಾನ್ ರಿಪೇರಿಗೆ ತಂದಾಗ. ಕಾಸರಗೋಡಿನ ಕಡೆಯವನು. ಹಕ್ಕಿ, ಆಮೆ, ಹಲ್ಲಿ ಮಾರುವುದು ಅವನ ಕಸುಬು. ದಮ್ಮಾಮಿನ ಸಿರಿವಂತರ ಮಗನೊಬ್ಬನಿಗೆ ಇರುವೆ ಸಾಕುವ ಹುಚ್ಚು ಹತ್ತಿದೆ, ರಾಣಿಯ ಸಮೇತ ಈ ಗೂಡನ್ನು ತಲುಪಿಸಿಕೊಡು ಎಂದು ಬೀರಾನನ ಹಿಂದೆ ಬಿದ್ದ.

"ಸೀಟಿನ ಅಡಿ ಇಟ್ಟರೆ ಯಾರಿಗೆ ಗೊತ್ತಾಗ್ತದೆ? ನೀನೇನು ಬಂಗಾರ ಸಾಗಿಸ್ತೀಯಾ?"

"ಬೇಡ ಅಂತ ಒಂದು ಸಲ ಹೇಳಿದ್ದೇನೆ," ಎಂದ ಬೀರಾನ್. "ಇನ್ನೊಂದು ಸಲ ಬಾಯಲ್ಲಿ ಹೇಳುವುದಿಲ್ಲ."

ಪಾಯಸ್ ಆಗಲೇ ಆ ಸಿರಿವಂತರಿಂದ ಮುಂಗಡ ಇಸಿದುಕೊಂಡಿದ್ದ. ಮುಂದಿನ ಗುರುವಾರ ಮಧ್ಯಾಹ್ನ ಇಬ್ಬರು ದಾಂಡಿಗರೊಂದಿಗೆ ಗ್ಯಾರೇಜಿಗೆ ನುಗ್ಗಿದ. ಮಾಲೀಕ ನಮಾಜಿಗೆ ಹೋಗಿದ್ದ. ಭರಮಣ್ಣ ಗ್ರೈಂಡರಿನಲ್ಲಿ ಕಬ್ಬಿಣ ಉಜ್ಜುತ್ತಿದ್ದ. ಬೀರಾನ್ ಟೈರಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ದಾಂಡಿಗರಲ್ಲೊಬ್ಬ ಮಾತಿಲ್ಲದೆ ಗೂಡನ್ನು ಎತ್ತಿಕೊಂಡ.

ಬೀರಾನ್ ಲೋಟವನ್ನು ಅವನ ಮುಖಕ್ಕೆ ಎಸೆದ. ಬಿಸಿ ಚಹಾ ಕಣ್ಣಿಗೆ ಬಿದ್ದವನು ಕಿರುಚಿ ಗೂಡು ಕೈಬಿಟ್ಟ. ಗಾಜು ಒಡೆದು ಮಣ್ಣು ಚೆಲ್ಲಿತು. ಇರುವೆಗಳು ಬಿಳಿ ಮರಿಗಳನ್ನು ಕಚ್ಚಿಕೊಂಡು ಎಲ್ಲ ಕಡೆ ಓಡಿದವು. ಪಾಯಸ್ ಸಿಟ್ಟಿನಿಂದ ಬೂಟುಗಾಲಿನಲ್ಲಿ ತುಳಿಯತೊಡಗಿದ. "ತಗೋ ನಿನ್ನ ರಾಣಿ! ತಗೋ!" ಅವನ ಹಿಮ್ಮಡಿಯ ಕೆಳಗೆ ರಾಣಿ ಅರೆದು ಹೋದದ್ದನ್ನು ಬೀರಾನ್ ಕಣ್ಣಾರೆ ಕಂಡ.

ಎರಡನೆಯವನು ಟೈರು ಬಿಚ್ಚುವ ವ್ಹೀಲ್ ಪಾನಾದಿಂದ ಬೀರಾನನ ಬೆನ್ನಿಗೆ ಬಾರಿಸಿದ. ಬೀರಾನ್ ಅದನ್ನೇ ಕಿತ್ತುಕೊಂಡು ಅವನ ಮೊಣಕಾಲಿಗೆ ಬೀಸಿದ. ಮೂಳೆ ಮುರಿದ ಸದ್ದು ಕೇಳಿತು. ಆಮೇಲೆ ಪಾಯಸನ ಕತ್ತು ಹಿಡಿದು ಎಳೆದ, ತಿರುಗುತ್ತಲೇ ಇದ್ದ ಗ್ರೈಂಡರಿನ ಕಡೆಗೆ. ಪಾಯಸ್ ಒದ್ದ, ಪರಚಿದ, ಬೀರಾನನ ಮುಂಗೈಯ ಮಾಂಸ ಕಿತ್ತು ಬರುವಂತೆ ಕಚ್ಚಿದ. ಹಿಡಿತ ಸಡಿಲವಾಗಲಿಲ್ಲ. ಗ್ರೈಂಡರಿನ ಕಲ್ಲು ಪಾಯಸನ ಕಿವಿಯ ತುದಿಗೆ ತಾಗಿತು. ರಕ್ತ ಗೋಡೆಗೆ ಚಿಮ್ಮಿತು.

"ಬ್ಯಾಡ್ರಿ! ಸಾಯ್ತಾನ್ರಿ ಅಂವಾ! ಬಿಡ್ರಿ ಭಾಯಿ!" ಹೊಡೆದಾಟ ಕಂಡು ಹಿಂದೆ ಸರಿದಿದ್ದ ಭರಮಣ್ಣ ಕೂಗಿದ. ಯಂತ್ರದ ಸ್ವಿಚ್ಚು ಅವರಿಬ್ಬರ ಆಚೆ ಗೋಡೆಯಲ್ಲಿತ್ತು, ಅವನಿಗೆ ಎಟುಕಲಿಲ್ಲ. ಬೀರಾನನಿಗೆ ಏನೂ ಕೇಳಿಸುತ್ತಿರಲಿಲ್ಲ. ಪಾಯಸನ ಕೆನ್ನೆ ಕಲ್ಲಿಗೆ ಇಳಿಯುತ್ತಿತ್ತು.

ಭರಮಣ್ಣ ಒಂದು ಕಬ್ಬಿಣದ ಪೈಪು ಎತ್ತಿ, ಇದ್ದಷ್ಟೂ ಬಲದಿಂದ ಗೆಳೆಯನ ಬಲಗೈಗೆ ಹೊಡೆದ. ಮುಂಗೈ ಮುರಿದು ಜೋತಾಡಿತು. ಪಾಯಸ್ ನೆಲಕ್ಕೆ ಬಿದ್ದು ತೆವಳಿದ. ಬೀರಾನ್ ತಿರುಗಿ ಭರಮಣ್ಣನನ್ನು ನೋಡಿದ. ಗೋಡೆಗೆ ಒರಗಿ ನಿಧಾನವಾಗಿ ಕುಸಿದು ಕುಳಿತ.

ಪೊಲೀಸರು ಎಲ್ಲರನ್ನೂ ಒಯ್ದರು. ತನ್ನನ್ನು ಉಳಿಸಿಕೊಳ್ಳಲು ಪಾಯಸ್, ಬೀರಾನನೇ ಇರುವೆಗಳ ಕಳ್ಳಸಾಗಣೆದಾರ ಎಂದು ದೂರಿದ. ವಿಚಾರಣೆಯಲ್ಲಿ ಅದನ್ನೇ ಕೇಳಿದರು. ಇಲ್ಲವೆಂದರೆ ಸಾಕಿತ್ತು; ಗಡಿಯ ಅಧಿಕಾರಿ ಅಂದು ಏನನ್ನೂ ದಾಖಲಿಸಿರಲಿಲ್ಲ, ಬೇರೆ ಸಾಕ್ಷಿಯೂ ಇರಲಿಲ್ಲ. ಬೀರಾನ್, "ಗೊತ್ತಿಲ್ಲದಾಗ ದಾಟಿಸಿದ್ದೇನೆ. ಗೊತ್ತಾದ ಮೇಲೆ ಇಲ್ಲ," ಎಂದ. ಕೈ ಮುರಿದದ್ದು ಹೇಗೆ ಎಂದಾಗ, ಯಂತ್ರದ ಮೇಲೆ ಬಿದ್ದೆ ಎಂದ. ಮತ್ತೆ ಮತ್ತೆ ಕೇಳಿದರೂ ಅದನ್ನೇ ಹೇಳಿದ.

ಬೀರಾನನಿಗೂ ಪಾಯಸನಿಗೂ ಜೈಲಾಯಿತು. ಇರುವೆಯ ತಪ್ಪಿಗೆ ಬೀರಾನನಿಗೆ ಬೇರೆ ದಂಡ ಬಿತ್ತು. ಶಿಕ್ಷೆ ಮುಗಿದ ಮೇಲೆ ಇಬ್ಬರನ್ನೂ ಊರಿಗೆ ಕಳಿಸುವುದೆಂದು ಆದೇಶವಾಯಿತು.

ಭರಮಣ್ಣ ಜೈಲಿಗೆ ನೋಡಲು ಬಂದ.

"ನಾ ಹಂಗ ಹೊಡೀಬಾರದಿತ್ತೇನ್ರಿ, ಭಾಯಿ?"

"ನೀವು ಹೊಡೆಯದಿದ್ರೆ ಅವನ ಹೆಣಕ್ಕೆ ನಾನು ಜವಾಬು ಹೇಳ್ಬೇಕಿತ್ತು ಮಾರಾಯ್ರೆ," ಎಂದ ಬೀರಾನ್. "ನನಗೆ ನಿಲ್ಲಿಸ್ಲಿಕ್ಕೆ ಆಗ್ತಿರ್ಲಿಲ್ಲ. ಅದು ನನಗೆ ಗೊತ್ತುಂಟು."

ಮುಂಗೈ ಸೊಟ್ಟಗೆ ಕೂಡಿಕೊಂಡಿತು. ದೊಡ್ಡ ಗಾಡಿಯ ಸ್ಟಿಯರಿಂಗ್ ತಿರುಗಿಸಲು ಆ ಕೈಯಿಂದ ಸಾಧ್ಯವಿಲ್ಲ. ಈಗ ಬೀರಾನ್ ಉಪ್ಪಿನಂಗಡಿ ಪೇಟೆಯಲ್ಲಿ ಭಾವನ ಮರದ ಡಿಪೋದಲ್ಲಿ ಕೂರುತ್ತಾನೆ. ಲೋಡ್ ಮಾಡುವವರ ನಡುವೆ ಕೈ ಮಿಲಾಯಿಸುವ ಹಂತಕ್ಕೆ ಜಗಳ ಬಂದರೆ, ಮಧ್ಯೆ ಹೋಗಿ ನಿಲ್ಲುವುದು ಅವನೇ.