ಅಮೀಬಾದ ವೈರಸ್, ಕಡಲೆಯ ಪತಂಗ, ನನ್ನ ತಂಗಿ

ನನ್ನ ತಂಗಿ ಕೆರೆಯ ನೀರು ತುಂಬಿಕೊಳ್ಳಲು ಊರಿಗೆ ಬಂದಾಗ ಮೊದಲು ತಡೆದವರು ನಮ್ಮ ಗ್ರಾಮ ಪಂಚಾಯತಿಯ ಹಿಂದಿನ ಸರಪಂಚರು. ಕರೋನಾ ಮುಗಿದು ಬಹಳ ಕಾಲವಾಗಿರಲಿಲ್ಲ. ತಂಗಿ ಕೈಗವಸು ತೊಟ್ಟು, ಮೊಣಕಾಲುದ್ದ ನೀರಿನಲ್ಲಿ ನಿಂತು, ತಳದ ಕೆಸರು ಬೆರೆತ ನೀರನ್ನು ಸಣ್ಣ ಬಾಟಲಿಗಳಿಗೆ ತುಂಬುತ್ತಿದ್ದಳು. ನಾನು ಮುಚ್ಚಳಗಳನ್ನು ಹಿಡಿದುಕೊಂಡು ದಂಡೆಯ ಮೇಲಿದ್ದೆ.

“ಏನ ಹುಡಕಾಕತ್ತಿ ಯವ್ವಾ?” ಎಂದು ಅವರು ಬೈಕು ನಿಲ್ಲಿಸಿ ಕೇಳಿದರು.

“ವೈರಸ್ ಹುಡಕಾಕತ್ತೀನ್ರಿ ಕಾಕಾ.”

ಇವಳು ‘ನೀರು ಪರೀಕ್ಷೆ ಮಾಡ್ತೀನಿ’ ಎಂದಿದ್ದರೆ ಅವರು ಬೈಕು ಒದ್ದು ಹೋಗಿಬಿಡುತ್ತಿದ್ದರು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವಳಿಗೆ ಚಿಕ್ಕಂದಿನಿಂದ ಬಂದ ಗುಣ. ಸರಪಂಚರು ಬೈಕಿನಿಂದ ಇಳಿದರು. ಸ್ವಲ್ಪ ಹೊತ್ತಿನಲ್ಲಿ ದಂಡೆಯ ಮೇಲೆ ಹತ್ತಾರು ಜನ ಕೂಡಿದರು. ಯಾರೂ ಒರಟಾಗಿ ಮಾತಾಡಲಿಲ್ಲ. ಬಾಟಲಿ ಮಾತ್ರ ಊರು ಬಿಟ್ಟು ಹೋಗಬಾರದು, ನಾಳೆ ಎಲ್ಲರೂ ಕೂತು ಮಾತಾಡೋಣ ಎಂದರು.

ನಮ್ಮದು ಗಡಿಯಾಚೆ ಮರಾಠಿ ನಾಡಿಗೆ ಸೇರಿದ ಜತ್ತ ತಾಲೂಕಿನಲ್ಲಿ, ಶೇಗಾಂವದಿಂದ ಆಚೆಗಿನ ಒಂದು ಕನ್ನಡದ ಊರು. ಅಪ್ಪ ಕುರಿ ಕಾಯುತ್ತಾ ಬಂದವರು. ಒಂದಿಷ್ಟು ಒಣ ಹೊಲವೂ ಇದೆ, ಅದನ್ನು ಅವ್ವ ನೋಡಿಕೊಳ್ಳುತ್ತಾಳೆ. ನಾವಿಬ್ಬರೂ ಊರಿನ ಕನ್ನಡ ಶಾಲೆಯಲ್ಲಿ ಕಲಿತೆವು. ಹೈಸ್ಕೂಲಿಗೆ ಹೋದಾಗ ಎಲ್ಲವೂ ಮರಾಠಿ, ಕಾಲೇಜಿಗೆ ಹೋದಾಗ ಎಲ್ಲವೂ ಇಂಗ್ಲಿಷ್. ನಾನು ಕನ್ನಡ ಶಾಲೆಗೇ ಶಿಕ್ಷಕಿಯಾಗಿ ಮರಳಿದೆ. ತಂಗಿ ಮೂರು ಭಾಷೆಗಳನ್ನೂ ದಾಟಿ ಮುಂದೆ ಹೋದಳು. ಎಂ.ಎಸ್ಸಿ. ಮುಗಿಸಿ ದೂರದ ಒಂದು ಸಂಶೋಧನಾ ಸಂಸ್ಥೆ ಸೇರಿದಾಗ ಅವಳಿಗೆ ಸಿಕ್ಕ ಮೊದಲ ಕೆಲಸವೇ ದೈತ್ಯ ವೈರಸ್‌ಗಳದ್ದು. ಬೇರೆ ಬೇರೆ ಕಡೆಯ ಕೆರೆಗಳ ನೀರು ಬೇಕು ಎಂದಾಗ, ನಮ್ಮೂರಿನದೂ ಇರಲಿ ಎಂದು ತಾನೇ ಹೇಳಿ ಬಂದಿದ್ದಳು.

ಮರುದಿನ ಬೆಳಿಗ್ಗೆ ಸಮಾಜ ಮಂದಿರದಲ್ಲಿ ಜನ ಸೇರಿದರು. ನಾನು ಶಾಲೆಯ ಸೂಕ್ಷ್ಮದರ್ಶಕವನ್ನು ಹೊತ್ತು ತಂದು ಕಿಟಕಿಯ ಬೆಳಕಿಗೆ ಇಟ್ಟೆ. ತಂಗಿ ನೆಲದ ಮೇಲೆ, ಎಲ್ಲರ ಮುಂದೆ ಕೂತು ಮಾತು ಶುರುಮಾಡಿದಳು.

“ನೀರಾಗ ಅಮೀಬಾ ಅಂತ ಒಂದ ಜೀವ ಇರ್ತೈತ್ರಿ. ಕಣ್ಣಿಗೆ ಕಾಣಂಗಿಲ್ಲ. ನಾ ಹುಡುಕು ವೈರಸ್ ಅದರೊಳಗ ಹೊಕ್ಕು ಬೆಳಿಯೂವು. ನಮಗ ತಿಳದ ಮಟ್ಟಿಗೆ ಮನಷ್ಯಾರಿಗೆ, ಕುರಿಗೆ, ದನಕ್ಕ ಅವು ಏನೂ ಮಾಡಂಗಿಲ್ಲ.”

“ತಿಳದ ಮಟ್ಟಿಗೆ ಅಂದ್ರ?” ಸರಪಂಚರು ಅಲ್ಲೇ ಹಿಡಿದರು.

“ಅಂದ್ರ ತಿಳೀಲಾರದ್ದು ಇನ್ನೂ ಭಾಳ ಐತ್ರಿ ಕಾಕಾ. ಅದಕ್ಕ ಹುಡಕೂದು. ನಾ ಹೊರಗಿಂದ ಏನೂ ತಂದ ಹಾಕಾಕತ್ತಿಲ್ಲ. ಇದ್ರ ಅವು ಈಗೂ ಕೆರ್ಯಾಗನ ಅದಾವು. ನೀವೂ ಅದರಾಗ ಈಜೀರಿ, ನಾನೂ ಈಜೀನಿ.”

ಯಾರೋ ನಕ್ಕರು. ಆಮೇಲೆ ಪ್ರಶ್ನೆಗಳು ಬಂದವು. ಕೆಲವರು ಮರಾಠಿಯಲ್ಲಿ ಕೇಳಿದರು, ಅವರಿಗೆ ಮರಾಠಿಯಲ್ಲೇ ಹೇಳಿದಳು. ಮಾಮೂಲಿ ವೈರಸ್‌ಗಳು ಇಂಥ ಸೂಕ್ಷ್ಮದರ್ಶಕಕ್ಕೆ ಕಾಣುವುದೇ ಇಲ್ಲ, ಇವು ಮಾತ್ರ ಎಷ್ಟು ದೊಡ್ಡವೆಂದರೆ ಮೊದಲು ಕಂಡವರು ಬ್ಯಾಕ್ಟೀರಿಯಾ ಎಂದೇ ತಿಳಿದಿದ್ದರು ಎಂದಳು. ವೈರಸ್ ಎಂದರೆ ಇಷ್ಟೇ ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದ ಗೆರೆಯನ್ನು ಇವು ಅಳಿಸಿಹಾಕಿದವು ಎಂದು ಹೇಳುವಾಗ ಅವಳ ಮುಖ ಬೆಳಗಿದ್ದು ನನಗೆ ನೆನಪಿದೆ. ನಾನು ಶಾಲೆಯಲ್ಲಿ ಕಲಿಸುವುದೂ ವಿಜ್ಞಾನವನ್ನೇ. ಆದರೆ ಅಂದು ನಾನೂ ಮಕ್ಕಳ ಹಾಗೆ ಬಾಯಿ ತೆರೆದು ಕೇಳಿದೆ.

ಕೊನೆಗೆ ಕೆರೆಯ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟಳು. ಹೆಣ್ಣುಮಕ್ಕಳು ಮೊದಲು ಬಂದರು. “ಅಯ್ಯ, ಇದು ಕಾಲಿಲ್ಲದ ನಡ್ಯಾಕತ್ತೈತಿ,” ಎಂದಳು ನಮ್ಮ ಮಗ್ಗುಲ ಮನೆಯ ಅತ್ತೆ, ಕಣ್ಣು ತೆಗೆಯದೆ. ಸರಪಂಚರು ಎಲ್ಲರಿಗಿಂತ ಕೊನೆಗೆ ಬಂದು, ಚಸ್ಮಾ ತೆಗೆದು, ಬಹಳ ಹೊತ್ತು ಬಗ್ಗಿ ನಿಂತರು.

“ತುಂಬಕೊಂಡ ಹೋಗು,” ಎಂದರು ನೆಟ್ಟಗಾಗಿ. “ಆದ್ರ ಏನ ಸಿಕ್ಕಿತಂತ ಬಂದು ಹೇಳಬೇಕ ನೋಡು.”

ಸಿಕ್ಕಿತು. ಒಂದು ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಿದ್ದಾಗ ಅವಳ ಫೋನ್ ಬಂತು. “ಅಕ್ಕಾ, ನಮ್ಮ ಕೆರಿ ನೀರ ಹಾಕಿದ ಅಮೀಬಾ ಎಲ್ಲಾ ಒಡದಾವು,” ಎಂದಳು. ಒಡೆದರೆ ಸಂತೋಷವೇ ಎಂದು ಕೇಳಿದೆ. ಒಳಗೆ ವೈರಸ್ ಬೆಳೆದಿದೆ ಎಂಬುದಕ್ಕೆ ಅದೇ ಮೊದಲ ಗುರುತು ಎಂದಳು. ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ ಕಳಿಸಿದಳು: ಮೂಲೆ ಮೂಲೆಯಾಗಿ ಕಡೆದಿಟ್ಟಂಥ ಒಂದು ಆಕೃತಿ, ಸುತ್ತಲೂ ಕೂದಲಿನಂಥ ಎಳೆಗಳು. ಅದರ ಕುರಿತ ಪ್ರಬಂಧ ಅಚ್ಚಾದಾಗ, ನೀರು ತಂದ ಜಾಗ ಎಂದು ಜತ್ತ ತಾಲೂಕಿನ ಹೆಸರೂ ನಮ್ಮ ಊರಿನ ಹೆಸರೂ ಅದರಲ್ಲಿದ್ದವು. ಸರಪಂಚರು ನನ್ನಿಂದ ಆ ಸಾಲನ್ನು ಸಮಾಜ ಮಂದಿರದಲ್ಲಿ ಗಟ್ಟಿಯಾಗಿ ಓದಿಸಿದರು. ಡಫಳಾಪುರದಿಂದ ಬಂದ ಅವರ ಬೀಗರಿಗೆ, “ಇಂಥಾ ವೈರಸ್ ನಿಮ್ಮ ಕೆರ್ಯಾಗ ಐತೇನ್ರಿ?” ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ.

ಇಷ್ಟೆಲ್ಲ ಆದ ಮೇಲೆ ಪಿಎಚ್.ಡಿ.ಗೆ ಅವಳು ಪತಂಗವನ್ನು ಆರಿಸಿಕೊಂಡಳು. ಕಡಲೆ, ತೊಗರಿಯ ಕಾಯಿ ಕೊರೆಯುವ ಹಸಿರು ಹುಳ ಬೆಳೆದು ಆಗುವ ಪತಂಗ. ವೈರಸ್ ಯಾಕೆ ಬಿಟ್ಟೆ ಎಂದರೆ, “ಬಿಟ್ಟಿಲ್ಲ. ವೈರಸ್ಸಿನ ಕವಚಾನೂ ಪ್ರೋಟೀನ, ಪತಂಗಕ್ಕ ವಾಸನಿ ಮುಟ್ಟಸೂದೂ ಪ್ರೋಟೀನ. ಅದರ ಆಕಾರ ನೋಡೂದು ನನ್ನ ಕೆಲಸ,” ಎಂದಳು. ಅಪ್ಪನಿಗೆ ಬಿಡಿಸಿ ಹೇಳಿದ್ದು ಹೀಗೆ: ಪತಂಗದ ಮೀಸೆಯ ಮೇಲೆ ಸಣ್ಣ ಸಣ್ಣ ರೋಮಗಳಿವೆ, ಅವುಗಳೊಳಗೆ ನೀರಿನಂಥ ರಸವಿದೆ. ಗಿಡದ ವಾಸನೆಯ ಕಣ ಎಣ್ಣೆಯ ಜಾತಿಯದು, ನೀರಿಗೆ ಬೆರೆಯುವುದಿಲ್ಲ. ಆಗ ಒಂದು ಪ್ರೋಟೀನ್ ಆ ಕಣವನ್ನು ತನ್ನೊಳಗೆ ಇಟ್ಟುಕೊಂಡು ರಸವನ್ನು ದಾಟಿಸಿ ನರದ ತನಕ ಮುಟ್ಟಿಸುತ್ತದೆ.

“ಹಳ್ಳ ಬಂದಾಗ ನಾವು ಮರೀನ ಹೊತಗೊಂಡ ದಾಟತೀವಲ್ಲ, ಹಂಗ,” ಎಂದರು ಅಪ್ಪ.

“ಹಂಗನ ಅಂತ ತಿಳೀರಿ. ಆದ್ರ ಯಾವ ಪ್ರೋಟೀನ ಯಾವ ವಾಸನಿ ಹೊರತೈತಿ, ಅದು ಸಿಗವಲ್ದು.”

ಸಿಗದೆ ಅವಳು ಬಹಳ ಬಳಲಿದಳು. ಆ ಪ್ರೋಟೀನನ್ನು ಬ್ಯಾಕ್ಟೀರಿಯಾದೊಳಗೆ ತಯಾರಿಸಬೇಕು. ಪ್ರತಿ ಸಲವೂ ಅದು ಒಡೆದ ಹಾಲಿನಂತೆ ಗಂಟುಗಂಟಾಗಿ ತಳಕ್ಕೆ ಕೂರುತ್ತಿತ್ತು. ಒಂದು ದೀಪಾವಳಿಗೆ ಬಂದವಳು ಸರಿಯಾಗಿ ಊಟವನ್ನೂ ಮಾಡಲಿಲ್ಲ. ಬಿಟ್ಟು ಬಂದು ನನ್ನ ಹಾಗೆ ಶಾಲೆ ಸೇರಲೇ ಎಂದು ಕೇಳಿದಳು. ನಮ್ಮ ಶಾಲೆಗೆ ಶಿಕ್ಷಕರು ಬೇಕು ನಿಜ, ಆದರೆ ಸೋತು ಬಂದವರು ಬೇಡ ಎಂದೆ. ಅವಳಿಗೆ ಸಿಟ್ಟು ಬಂತು. ಹಬ್ಬ ಮುಗಿಯುವ ತನಕ ನನ್ನೊಂದಿಗೆ ಮಾತಾಡಲಿಲ್ಲ, ಅಪ್ಪನ ಹಿಂದೆ ಕುರಿಗಳ ಜೊತೆ ಅಡ್ಡಾಡಿ ಹೊರಟುಹೋದಳು. ಚಳಿಗಾಲದಲ್ಲಿ ಫೋನ್ ಮಾಡಿ, ಕಾವು ಕಡಿಮೆ ಮಾಡಿ, ತಂಪಿನಲ್ಲಿ ನಿಧಾನವಾಗಿ ಬೆಳೆಸಿದರೆ ಪ್ರೋಟೀನ್ ಗಂಟಾಗದೆ ತಿಳಿಯಾಗಿ ನಿಂತಿತು ಎಂದಳು. ಅದು ಕಡಲೆ ಗಿಡದ ಒಂದು ವಾಸನೆಯನ್ನು ಹಿಡಿದುಕೊಳ್ಳುವುದನ್ನೂ ಅಳೆದು ನೋಡಿದ್ದಳು. “ನಿನಗ ಮೊದಲ ಹೇಳಾಕತ್ತೀನಿ, ಸಿಟ್ಟ ಬಂದಿದ್ದೂ ನಿನ್ನ ಮ್ಯಾಲ ಅಲ್ಲ,” ಎಂದಳು. ನಾನು ಶಾಲೆಯ ಹಿಂದೆ ಹೋಗಿ ಅತ್ತೆ.

ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಅಪ್ಪ, ಅವ್ವ, ನಾನು ಮೂವರೂ ಹೋದೆವು. ಹಿಂದಿನ ದಿನ ಪ್ರಯೋಗಾಲಯ ತೋರಿಸಿದಳು. ಹುಳಗಳಿಗೆ ಕಡಲೆ ಹಿಟ್ಟು ಕುದಿಸಿ ಆಹಾರ ಮಾಡಿ, ಒಂದೊಂದಕ್ಕೂ ಒಂದೊಂದು ಡಬ್ಬಿಯಲ್ಲಿ ಇಟ್ಟಿದ್ದರು. ಅವ್ವ ನಿಂತಲ್ಲೇ ನಿಂತಳು. “ಹೊಲದಾಗ ಇವನ್ನ ಆರಿಸಿ ಆರಿಸಿ ಸಾಕಾಗೇತಿ ನಮಗ. ಇಲ್ಲಿ ಪಿಠ್ಲ ಮಾಡಿ ಹಾಕಾಕತ್ತೀರಿ?” ಅಲ್ಲಿದ್ದವರಿಗೆ ತಂಗಿ ಅದನ್ನು ಅನುವಾದಿಸಿದಾಗ ಇಡೀ ಪ್ರಯೋಗಾಲಯ ನಕ್ಕಿತು, ಅವ್ವನೂ ನಕ್ಕಳು.

ಮರುದಿನ ದೊಡ್ಡ ಸಭಾಂಗಣದಲ್ಲಿ ನಾವು ಎರಡನೆಯ ಸಾಲಿನಲ್ಲಿ ಕೂತೆವು. ಅಪ್ಪ ತಲೆಗೆ ಹೊಸ ಪಟಗ ಸುತ್ತಿದ್ದರು. ತಂಗಿ ಇಂಗ್ಲಿಷಿನಲ್ಲಿ ಮಾತಾಡಿದಳು, ಪರದೆಯ ಮೇಲೆ ಪ್ರೋಟೀನಿನ ಆಕಾರ ಬಣ್ಣದ ಲಾಡಿಯಂತೆ ಸುತ್ತುತ್ತಿತ್ತು. ಹಿರಿಯ ಪರೀಕ್ಷಕರೊಬ್ಬರು ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಎಲ್ಲಕ್ಕೂ ಉತ್ತರ ಕೊಟ್ಟು, ಒಂದಕ್ಕೆ ಮಾತ್ರ ಅವಳು ತನಗೆ ಗೊತ್ತಿಲ್ಲ ಎಂದಳು. ದನಿ ತಗ್ಗಿಸಲಿಲ್ಲ. ಪರೀಕ್ಷಕರು ತಲೆಯಾಡಿಸಿ ನಕ್ಕರು. ಬಾಗಿಲು ಮುಚ್ಚಿಕೊಂಡು ಅವರು ಚರ್ಚಿಸುವಾಗ ನಾವೆಲ್ಲ ಹೊರಗೆ ನಿಂತಿದ್ದೆವು. ತಂಗಿ ನನ್ನ ಕೈ ಹಿಡಿದಿದ್ದಳು. ಬಾಗಿಲು ತೆರೆದ ಅವಳ ಮಾರ್ಗದರ್ಶಕ ಗುರುಗಳು ಅವಳನ್ನು ‘ಡಾಕ್ಟರ್’ ಎಂದು ಕರೆದರು.

ಅವ್ವ ಕಟ್ಟಿ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಎಲ್ಲರೂ ಕಟ್ಟೆಯ ಮೇಲೆ ಕೂತು ತಿಂದೆವು, ಪರೀಕ್ಷಕರೂ ಬಂದು ಕೂತರು. ಮಗಳು ಹೇಳಿದ್ದು ತಿಳಿಯಿತೇ ಎಂದು ಅವರು ಮರಾಠಿಯಲ್ಲಿ ಕೇಳಿದಾಗ ಅವ್ವ, ಭಾಷೆ ತಿಳಿಯಲಿಲ್ಲ, ಆದರೆ ನೀವು ಅಷ್ಟು ಕೇಳಿದರೂ ಅವಳು ಒಮ್ಮೆಯೂ ಹಿಂದೆ ಸರಿಯಲಿಲ್ಲ, ಅದು ಕಂಡಿತು ಎಂದಳು. ಅಪ್ಪ ತಂಗಿಯ ಮಗ್ಗುಲಲ್ಲಿ ಕೂತು, ರೊಟ್ಟಿ ಮುರಿದು ಮುರಿದು ಅವಳ ತಟ್ಟೆಗೆ ಇಡುತ್ತಿದ್ದರು.